ಅಂಗೈ ಆಟಿಕೆಗೆ ಒಂದು ಮೊಳದ ದೂರ

ಪ್ರವಾಸಿಗರು ಇಳಿಯುವ ಊರುಗಳಲ್ಲಿ ಆಟಿಕೆಯ ಅಂಗಡಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಬೈಲಕುಪ್ಪೆ ಅದಕ್ಕೆ ಹೊರತಲ್ಲ. 1999ರಲ್ಲಿ ನಮ್ಡ್ರೋಲಿಂಗ್ ವಿಹಾರದ ಸ್ವರ್ಣ ದೇಗುಲ ಲೋಕಾರ್ಪಣೆಗೊಂಡ ಮೇಲೆ, ಕೊಡಗಿಗೆ ಹೊರಟ ಕುಟುಂಬಗಳು ಇಲ್ಲಿ ಇಳಿಯದೆ ಮುಂದೆ ಸಾಗುವುದು ವಿರಳ. ಹಾಗೆ ಇಳಿದವರು ಊದುಬತ್ತಿ, ಉಣ್ಣೆಯ ಟೋಪಿಗಳ ಜೊತೆಗೆ ಮಕ್ಕಳಿಗೊಂದು ಆಟಿಕೆಯನ್ನೂ ಕೊಳ್ಳುತ್ತಾರೆ. ಇಂತಹ ತಾಣಗಳಲ್ಲಿಯೂ ನಮ್ಮ ಸೀಮೆಯ ಜಾತ್ರೆಗಳಲ್ಲಿಯೂ ಈಚೆಗೆ ಮಕ್ಕಳ ಕೈಗೆ ಬರುತ್ತಿರುವ ಒಂದು ವಸ್ತುವಿನ ಬಗ್ಗೆ ಈ ತಿಂಗಳು ಬರೆಯಬೇಕೆನಿಸಿದೆ. ಅದು ಹಳೆಯ ವಿಡಿಯೊ ಗೇಮ್ ಯಂತ್ರಗಳ ಪುಟಾಣಿ ಪ್ರತಿರೂಪ. ಗೇಣುದ್ದದ, ಕೆಲವೊಮ್ಮೆ ಬೆರಳುದ್ದದ ಪೆಟ್ಟಿಗೆ. ಅದರಲ್ಲಿ ಅಂಚೆಚೀಟಿಯಷ್ಟೋ ಬೆಂಕಿಪೆಟ್ಟಿಗೆಯಷ್ಟೋ ಅಗಲದ ಪರದೆ. ಕೆಳಗೆ ಎರಡು ಗುಂಡಿ, ಒಂದು ಕಡ್ಡಿ.

ಇವುಗಳ ಮೂಲಯಂತ್ರಗಳು ಆಳೆತ್ತರದ ಬೀರುಗಳಾಗಿದ್ದವು. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ರೂಪಿಸಿದರು. 1980ರಲ್ಲಿ ನಾಮ್ಕೊ ಕಂಪನಿಯ ತೊರು ಇವಾತಾನಿ ‘ಪ್ಯಾಕ್‌ಮ್ಯಾನ್’ ತಂದರು. ನಾಣ್ಯ ಹಾಕಿ, ಯಂತ್ರದ ಮುಂದೆ ನಿಂತು ಆಡುವ ಆಟಗಳವು. ಅದೇ ಆಟಗಳು ಇಂದು ಬೀಗದ ಕೈಗೊಂಚಲಿಗೆ ನೇತುಹಾಕುವಷ್ಟು ಕುಗ್ಗಿವೆ. ನಿಜ ಹೇಳಬೇಕೆಂದರೆ ಈ ಪುಟ್ಟ ಪೆಟ್ಟಿಗೆ ಮಗುವಿಗಾಗಿ ಹುಟ್ಟಿದ್ದಲ್ಲ, ತಂದೆಗಾಗಿ ಹುಟ್ಟಿದ್ದು. ತನ್ನ ಬಾಲ್ಯದ ಆಟವನ್ನು ಕಂಡು ಮನಸೋತ ನಡುವಯಸ್ಸಿನವನು ಅದನ್ನು ಕೊಳ್ಳುತ್ತಾನೆ. ಮನೆಗೆ ಬಂದ ಅರ್ಧ ಗಂಟೆಯಲ್ಲಿ ಅದು ಮಗುವಿನ ಪಾಲಾಗುತ್ತದೆ.

ಆಟವನ್ನು ಹೀನಾಯವಾಗಿ ಕಾಣುವ ಪರಂಪರೆ ಮೈಸೂರು ಸೀಮೆಯದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹಲಗೆಯಾಟಗಳನ್ನು ರಚಿಸಿದವರು. ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗಾಗಿಯೇ ‘ಕೌತುಕನಿಧಿ’ ಎಂಬ ಭಾಗವಿದೆ. ಆದ್ದರಿಂದ ವಿಡಿಯೊ ಗೇಮ್ ಎಂದೊಡನೆ ಹುಬ್ಬು ಗಂಟಿಕ್ಕುವುದು ನಮ್ಮ ಉದ್ದೇಶವಲ್ಲ. ನಮ್ಮ ಆಕ್ಷೇಪ ಆಟದ ಬಗ್ಗೆ ಇಲ್ಲ, ಅದರ ಅಳತೆಯ ಬಗ್ಗೆ ಇದೆ. ಚೌಕಾಬಾರದ ಮನೆಯನ್ನಾಗಲಿ ಅಳಗುಳಿ ಮಣೆಯನ್ನಾಗಲಿ ನೆಲದ ಮೇಲಿಟ್ಟು ಕುಳಿತಾಗ ಕಣ್ಣಿಗೂ ಆಟಕ್ಕೂ ನಡುವೆ ಒಂದು ಮೊಳಕ್ಕೆ ಕಡಿಮೆಯಿಲ್ಲದ ದೂರ ತಾನಾಗಿಯೇ ಉಳಿಯುತ್ತಿತ್ತು. ಈ ಹೊಸ ಪೆಟ್ಟಿಗೆ ಆ ದೂರವನ್ನು ಉಳಿಸುವುದಿಲ್ಲ.

ಪಾಲಕರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ಬಿಡಬಹುದು? ಅದಕ್ಕೆ ಉತ್ತರವಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡವೆಂದೂ, ಎರಡರಿಂದ ಐದು ವರ್ಷದವರಿಗೆ ಒಂದು ಗಂಟೆ ಮೀರಬಾರದೆಂದೂ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆಯಿರಬೇಕೆಂದೂ ತಿಳಿಸಿದೆ. ಆದರೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಮಟ್ಟಿಗೆ ಈ ಆಟಿಕೆಯ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಪ್ರಾಥಮಿಕ ಶಾಲೆಯ ತ್ರೈರಾಶಿ ಸಾಕು, ಲೆಕ್ಕ ಮಾಡಿ ನೋಡೋಣ. ಮೂಲಯಂತ್ರದ ಪರದೆ ಕರ್ಣದಳತೆಯಲ್ಲಿ 19 ಅಂಗುಲ. ಆಡುವವನು ನಿಲ್ಲುತ್ತಿದ್ದದ್ದು ಸುಮಾರು 60 ಸೆಂಟಿಮೀಟರ್ ದೂರದಲ್ಲಿ. ಅದೇ ಚಿತ್ರ ಎರಡು ಅಂಗುಲದ ಪರದೆಯಲ್ಲಿ ಕಣ್ಣಿಗೆ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ಅದನ್ನು ಆರು ಸೆಂಟಿಮೀಟರ್ ಹತ್ತಿರಕ್ಕೆ ತರಬೇಕು, ಎಂದರೆ ಮೂಗಿನ ತುದಿಗೆ. ಹಾಗೆ ಯಾರೂ ಹಿಡಿಯುವುದಿಲ್ಲ. ಮಗು ರಾಜಿ ಮಾಡಿಕೊಂಡು ಹದಿನೈದೋ ಇಪ್ಪತ್ತೋ ಸೆಂಟಿಮೀಟರಿನಲ್ಲಿ ಹಿಡಿಯುತ್ತದೆ. ಪುಸ್ತಕವನ್ನು 40 ಸೆಂಟಿಮೀಟರಿನಲ್ಲಿ ಹಿಡಿದಾಗ ಕಣ್ಣಿನ ಮಸೂರ ಎರಡೂವರೆ ಡಯಾಪ್ಟರಿನಷ್ಟು ಬಿಗಿಯಬೇಕು. 20 ಸೆಂಟಿಮೀಟರಿಗೆ ಬಂದರೆ ಐದು ಡಯಾಪ್ಟರ್. ದೂರ ಅರ್ಧವಾದರೆ ದುಡಿಮೆ ಇಮ್ಮಡಿ.

ಇಲ್ಲಿಯೇ ಹಿರಿಯರು ಮೋಸಹೋಗುವುದು. ಹತ್ತು ವರ್ಷದ ಮಗುವಿನ ಮಸೂರ ಅತ್ಯಂತ ಮೃದು. ಏಳೆಂಟು ಸೆಂಟಿಮೀಟರ್ ದೂರದ ವಸ್ತುವನ್ನೂ ಅದು ಸ್ಪಷ್ಟವಾಗಿ ಕಾಣಬಲ್ಲದು. ಆದ್ದರಿಂದ ಮಗು ಕಣ್ಣು ನೋವೆನ್ನುವುದಿಲ್ಲ, ಮಂಜು ಎನ್ನುವುದಿಲ್ಲ. ಚಾಳೀಸು ಬಂದ ತಾತ ಅದೇ ಪೆಟ್ಟಿಗೆಯನ್ನು ಕೈಯಳತೆಯ ದೂರಕ್ಕೆ ಚಾಚಿ, ಏನೂ ಕಾಣದೆ, ನಿನ್ನ ಕಣ್ಣೇ ಚೆನ್ನ ಮಗೂ ಎಂದು ಮರಳಿ ಕೊಡುತ್ತಾರೆ. ಮಗುವಿನ ಮೌನವನ್ನು ಆರೋಗ್ಯವೆಂದು ತಿಳಿಯುತ್ತೇವೆ. ತಯಾರಕರಿಗೆ ಈ ತೊಡಕು ತಿಳಿಯದೆ ಇಲ್ಲ. 2020ರ ಅಕ್ಟೋಬರಿನಲ್ಲಿ ಜಪಾನಿನ ಸೆಗಾ ಕಂಪನಿ ತನ್ನ 1990ರ ‘ಗೇಮ್ ಗಿಯರ್’ ಯಂತ್ರದ ಕಿರುರೂಪವನ್ನು ಹೊರತಂದಿತು. ಮೂಲದ 3.2 ಅಂಗುಲದ ಪರದೆ ಅದರಲ್ಲಿ 1.15 ಅಂಗುಲಕ್ಕೆ ಇಳಿದಿತ್ತು. ನಾಲ್ಕು ಬಣ್ಣದ ನಾಲ್ಕೂ ಯಂತ್ರಗಳನ್ನು ಒಟ್ಟಿಗೆ ಕೊಂಡವರಿಗೆ ಪರದೆಯ ಮೇಲೆ ಹಿಡಿಯಲು ಒಂದು ಭೂತಗನ್ನಡಿಯನ್ನೂ ಕೊಟ್ಟರು! ಆಟವಾಡಲು ಭೂತಗನ್ನಡಿ ಬೇಕಾಗುವ ಆಟಿಕೆ ಕಪಾಟಿನಲ್ಲಿಟ್ಟು ನೋಡುವುದಕ್ಕೆ ಚೆಂದ.

ಮೂವತ್ತು ವರ್ಷಗಳ ಹಿಂದಿನ ಜಾತ್ರೆಗಳಲ್ಲಿಯೂ ಕೈಯಲ್ಲಿ ಹಿಡಿದು ಆಡುವ ‘ಬ್ರಿಕ್ ಗೇಮ್’ ಇತ್ತಲ್ಲ, ಅದರಿಂದ ಏನಾಯಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆ ಆಟಿಕೆಯ ಬೂದುಬಣ್ಣದ ಪರದೆಗೆ ಸ್ವಂತ ಬೆಳಕಿರಲಿಲ್ಲ. ಹೊರಗಿನ ಬೆಳಕನ್ನು ಪ್ರತಿಫಲಿಸಿಯೇ ಅದು ಕಾಣಬೇಕಾಗಿತ್ತು. ಮಗು ಅದನ್ನು ಹಿಡಿದು ಜಗಲಿಗೋ ಅಂಗಳಕ್ಕೋ ಬರಲೇಬೇಕು. ಕತ್ತಲಾದರೆ ಆಟ ಮುಗಿಯಿತು. ಇಂದಿನ ಪುಟಾಣಿ ಪರದೆಗೆ ಹಿಂಬದಿಯ ದೀಪವಿದೆ. ಕಂಬಳಿಯೊಳಗೆ ಹುದುಗಿಯೂ ಆಡಬಹುದು. ಹಳೆಯ ಆಟಿಕೆ ಅರಿಯದೆಯೇ ಮಗುವನ್ನು ಬೆಳಕಿಗೆ ಕರೆಯುತ್ತಿತ್ತು, ಹೊಸದು ಒಳಗೆ ಕೂರಿಸುತ್ತಿದೆ.

ಬೆಳಕಿನ ಮಾತನ್ನು ನಾವು ಅಲಂಕಾರಕ್ಕಾಗಿ ಆಡುತ್ತಿಲ್ಲ. ಸಮೀಪದೃಷ್ಟಿ ಎಂದರೆ ಕಣ್ಣುಗುಡ್ಡೆ ಹಿಂದುಮುಂದಾಗಿ ಅಗತ್ಯಕ್ಕಿಂತ ಉದ್ದ ಬೆಳೆಯುವುದು. ಆಗ ದೂರದ ಬಿಂಬ ಅಕ್ಷಿಪಟವನ್ನು ಮುಟ್ಟುವ ಮೊದಲೇ ಕೂಡಿಕೊಳ್ಳುತ್ತದೆ. ಹಾಗೆ ಬೆಳೆದ ಗುಡ್ಡೆ ಮತ್ತೆ ಕುಗ್ಗುವುದಿಲ್ಲ. ಕನ್ನಡಕ ನೋಟವನ್ನು ತಿದ್ದುತ್ತದೆ, ಗುಡ್ಡೆಯನ್ನಲ್ಲ. ದೆಹಲಿಯ ಶಾಲೆಗಳಲ್ಲಿ ಸುಮಾರು ಹತ್ತು ಸಾವಿರ ಮಕ್ಕಳನ್ನು ಪರೀಕ್ಷಿಸಿ ಏಮ್ಸ್ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13.1 ಶೇಕಡ ಮಕ್ಕಳಿಗೆ ಈ ದೋಷ ಕಂಡಿತು. ದೀರ್ಘಕಾಲದ ಓದು ಮತ್ತು ವಿಡಿಯೊ ಆಟಗಳೊಡನೆ ಅದಕ್ಕೆ ಸಂಬಂಧವಿತ್ತು. ಹೊರಗೆ ಆಡುವ ಮಕ್ಕಳಲ್ಲಿ ಅದು ಕಡಿಮೆಯಿತ್ತು. ಅದೇ ವರ್ಷ ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳ ಫಲಿತಾಂಶ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಿಗೆ ಕರೆತಂದರು. ಮೂರು ವರ್ಷಗಳಲ್ಲಿ ಆ ಶಾಲೆಗಳಲ್ಲಿ 30.4 ಶೇಕಡ ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ 39.5 ಶೇಕಡ ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂತು. ತೈವಾನ್ ದೇಶ 2010ರಿಂದಲೇ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷಗಳ ಬಯಲಿನ ಗುರಿಯನ್ನಿಟ್ಟುಕೊಂಡಿದೆ. ಕೋಣೆಯ ಬೆಳಕು ಕೆಲವು ನೂರು ಲಕ್ಸ್. ಬಯಲಿನ ಹಗಲು ಹತ್ತು ಸಾವಿರ ಲಕ್ಸನ್ನು ಸುಲಭವಾಗಿ ಮೀರುತ್ತದೆ. ಬಿಸಿಲಿನಲ್ಲಿ ಬೇಯಬೇಕಾಗಿಲ್ಲ, ಹುಣಸೆಮರದ ನೆರಳೂ ಕೋಣೆಗಿಂತ ಎಷ್ಟೋ ಪಾಲು ಬೆಳಕುಳ್ಳದ್ದು.

ಈ ನಿಯಮಕ್ಕೆ ಪವಿತ್ರ, ಅಪವಿತ್ರ ಎಂಬ ಭೇದವಿಲ್ಲ. ದಿನದ ಬಹುಭಾಗ ಧರ್ಮಗ್ರಂಥಗಳ ಓದಿನಲ್ಲಿ ಮುಳುಗಿರುವ ಯಹೂದಿ ಗುರುಕುಲಗಳ ಹುಡುಗರಲ್ಲಿ ಸಮೀಪದೃಷ್ಟಿ ಇತರ ಮಕ್ಕಳಿಗಿಂತ ಬಹಳ ಹೆಚ್ಚೆಂದು 1993ರ ಒಂದು ಅಧ್ಯಯನ ತೋರಿಸಿತ್ತು. ಬೈಲಕುಪ್ಪೆಯ ವಿಹಾರಗಳಲ್ಲಿ ಪಠಿಸುವ ಕಿರಿಯ ಸನ್ಯಾಸಿಗಳಿಗೂ ನಮ್ಮ ಮಠಗಳ ಪ್ರಸಾದನಿಲಯಗಳ ವಿದ್ಯಾರ್ಥಿಗಳಿಗೂ ಇದು ಸಲ್ಲುವ ಮಾತು. ಸಂಜೆಯ ಆಟದ ಹೊತ್ತನ್ನು ಕಿತ್ತುಕೊಂಡು ಪಾಠಕ್ಕೆ ಕೂರಿಸುವ ವ್ಯವಸ್ಥಾಪಕರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳ ಮನೆಗಳಿಗೆ ಮತ್ತೊಂದು ಕಷ್ಟವಿದೆ. ಹೊಗೆಸೊಪ್ಪು ಬ್ಯಾರನ್ನಿಗೆ ಏರಿದ ತಿಂಗಳುಗಳಲ್ಲಿ ಹಗಲಿರುಳು ಬೆಂಕಿಯ ಶಾಖವನ್ನು ಕಾಯಬೇಕು. ತಾಯಿತಂದೆಯರಿಬ್ಬರೂ ಬ್ಯಾರನ್ನಿನ ಬಳಿ ಇದ್ದಾಗ ಮಗುವನ್ನು ಮಿಸುಕದಂತೆ ಕೂರಿಸುವ ಈ ಪೆಟ್ಟಿಗೆ ಅವರಿಗೆ ವರವೆನಿಸುವುದು ಸಹಜ. ಅವರನ್ನು ದೂರಲು ನಮಗೆ ಬಾಯಿಲ್ಲ. ಆ ಮಕ್ಕಳನ್ನು ನಾಲ್ಕು ಮನೆಯವರು ಸರದಿಯ ಮೇಲೆ ಸಂಜೆ ಬಯಲಿಗೆ ಬಿಟ್ಟು ನೋಡಿಕೊಂಡರೆ ಸಾಕು. ಮಗು ಕಪ್ಪುಹಲಗೆಯ ಬರಹವನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದರೆ, ಟಿ.ವಿ.ಯ ಮುಂದಕ್ಕೆ ಸರಿಯುತ್ತಿದ್ದರೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಅದು ದಡ್ಡತನವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿರಿ.

ಹೆದರಬೇಕಾಗಿಲ್ಲದ ಸಂಗತಿಗಳನ್ನೂ ಹೇಳಿಬಿಡುತ್ತೇವೆ. ಪರದೆಯ ನೀಲಿ ಬೆಳಕು ಕಣ್ಣನ್ನು ಸುಡುತ್ತದೆಂದು ಹೇಳಿ ಬೆಲೆಬಾಳುವ ಕನ್ನಡಕ ಮಾರುವವರಿದ್ದಾರೆ. ಅಂತಹ ಹಾನಿಗೆ ಆಧಾರವಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೇ ಹೇಳಿದೆ. ಆ ಹಣದಲ್ಲಿ ಒಂದು ಚೆಂಡು ಕೊಳ್ಳಿ. ಮಿನುಗುವ ಚಿತ್ರಗಳಿಂದ ಅಪಸ್ಮಾರ ಕೆರಳುವುದು ನಿಜ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಪೊಕೆಮಾನ್’ ಧಾರಾವಾಹಿಯ ಒಂದು ಕಂತನ್ನು ಕಂಡು ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು. ಆದರೆ ಅಂತಹ ಅಪಾಯ ನೋಟವನ್ನೆಲ್ಲ ಆವರಿಸುವ ದೊಡ್ಡ ಪರದೆಗೆ ಹೆಚ್ಚು, ಪುಟ್ಟ ಪರದೆಗೆ ಕಡಿಮೆ. ಮಣಿಕಟ್ಟಿನ, ಹೆಬ್ಬೆರಳಿನ ನೋವು ಹಳೆಯ ಕಥೆ. 1981ರಲ್ಲಿಯೇ ವೈದ್ಯಪತ್ರಿಕೆಯೊಂದರಲ್ಲಿ ‘ಸ್ಪೇಸ್ ಇನ್ವೇಡರ್ಸ್ ಮಣಿಕಟ್ಟು’ ಎಂಬ ಹೆಸರು ಅಚ್ಚಾಗಿದೆ. ಕೈಗೆ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಹಾಗಾದರೆ ಅಳತೆ ಯಾವುದು? ಮಗುವಿನ ಸ್ವಂತ ಮೊಳ. ಆಟಿಕೆಯನ್ನು ಹಿಡಿದ ಕಣ್ಣಿನ ದೂರ ಅದರ ಮೊಳಕೈಯಿಂದ ಬೆರಳ ತುದಿಯಷ್ಟಿರಲಿ. ಆ ದೂರದಲ್ಲಿ ಚಿತ್ರ ಕಾಣದಿದ್ದರೆ ಮಗುವಿನ ಕಣ್ಣಲ್ಲಿ ದೋಷವಿದೆಯೋ ಎಂದು ಮೊದಲು ನೋಡಿಸಿ. ಕಣ್ಣು ಸರಿಯಿದ್ದೂ ಕಾಣದಿದ್ದರೆ ಆ ಪರದೆ ಆಡಲು ತಕ್ಕದ್ದಲ್ಲ. ಅಂಗಡಿಯಲ್ಲಿಯೇ, ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಬಹುದು, ಅಂಗಡಿಯವರು ಬೇಡವೆನ್ನಲಾರರು.

ಕಣ್ಣಿನ ತೊಂದರೆಗೆ ವರ್ಷಗಳು ಬೇಕು. ಈ ಪೆಟ್ಟಿಗೆಯೊಳಗಿನ ಮತ್ತೊಂದು ವಸ್ತುವಿಗೆ ಎರಡು ಗಂಟೆ ಸಾಕು. ಪುಟ್ಟ ಆಟಿಕೆಯಲ್ಲಿ ದೊಡ್ಡ ಸೆಲ್ಲಿಗೆ ಜಾಗವಿಲ್ಲದ ಕಾರಣ ಅನೇಕವುಗಳಲ್ಲಿ ವಾಚಿನ ಸೆಲ್ಲನ್ನು, ಎಂದರೆ ಬಟನ್ ಬ್ಯಾಟರಿಯನ್ನು, ಹಾಕಿರುತ್ತಾರೆ. ಮುಚ್ಚಳ ಉಗುರಿಗೆ ಎದ್ದುಬರುತ್ತದೆ. ತೆವಳುವ ವಯಸ್ಸಿನ ತಮ್ಮನೋ ತಂಗಿಯೋ ಅದನ್ನು ಬಾಯಿಗೆ ಹಾಕಿಕೊಂಡು, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಆ ಗೋಡೆಯ ಮೂಲಕ ವಿದ್ಯುತ್ ಹರಿದು ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಅದು ಮಾಂಸವನ್ನು ಸುಡಬಲ್ಲದು. ಮುಂದೆ ಅನ್ನನಾಳ ತೂತಾಗಿ ಪಕ್ಕದ ರಕ್ತನಾಳವನ್ನೂ ಕೊರೆದು ಮಗುವನ್ನು ಕೊಲ್ಲಬಲ್ಲದು. 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ಲು ಎಲ್ಲಕ್ಕಿಂತ ಭಯಂಕರ. ಆಟಿಕೆಯನ್ನು ನಡೆಸಲಾರದಷ್ಟು ಸವೆದ ಸೆಲ್ಲಿನಲ್ಲಿಯೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಮಗು ಅಳದೆಯೂ ಇರಬಹುದು. ಜೊಲ್ಲು, ಊಟ ಬೇಡವೆನ್ನುವುದು, ಕೆಮ್ಮು, ಇಷ್ಟೇ ಸೂಚನೆ.

ಬೈಲಕುಪ್ಪೆಯಿಂದ ಮೈಸೂರಿಗೆ ಸುಮಾರು 80 ಕಿಲೋಮೀಟರ್. ವಾಹನ ಸಿಕ್ಕಿ ಹೊರಡುವಷ್ಟರಲ್ಲಿ ಆ ಎರಡು ಗಂಟೆ ಕಳೆದುಹೋಗಿರುತ್ತದೆ. ಆದ್ದರಿಂದ ಸಂಶಯ ಬಂದ ಕ್ಷಣವೇ 108ಕ್ಕೆ ಕರೆಮಾಡಿ, ಹತ್ತಿರದಲ್ಲಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಧಾವಿಸಬೇಕು. ವೈದ್ಯರಿಗೆ ‘ನಾಣ್ಯವಿರಬಹುದು’ ಎನ್ನದೆ ‘ಸೆಲ್ಲು ನುಂಗಿರಬಹುದು’ ಎಂದೇ ಹೇಳಿರಿ. ಎಕ್ಸ್‌ರೇಯಲ್ಲಿ ನಾಣ್ಯ ಒಂದೇ ವೃತ್ತವಾಗಿ ಕಂಡರೆ ಸೆಲ್ಲಿನ ಅಂಚು ಜೋಡಿಬಳೆಯಂತೆ ಕಾಣುತ್ತದೆ. ವಾಂತಿ ಮಾಡಿಸಬಾರದು. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಮೀರಿರದೆ, ಗುಟುಕರಿಸಲು ಶಕ್ತಿಯಿದ್ದರೆ, ದಾರಿಯುದ್ದಕ್ಕೂ ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನುತುಪ್ಪವನ್ನು, ಆರು ಬಾರಿಗೆ ಮೀರದಂತೆ, ಕೊಡಬಹುದೆಂದು ಅಮೆರಿಕದ ವಿಷಚಿಕಿತ್ಸಾ ಕೇಂದ್ರ ಸಲಹೆ ನೀಡಿದೆ. ಜೇನು ಸುಡುವಿಕೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಜೇನು ಹುಡುಕುತ್ತ ಒಂದು ನಿಮಿಷವನ್ನೂ ಕಳೆಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಚುಂಚನಕಟ್ಟೆಯಿಂದ ಸುತ್ತೂರಿನವರೆಗೆ ಜಾತ್ರೆ ನಡೆಸುವ ಸಮಿತಿಗಳು ಅಂಗಡಿಗೆ ಜಾಗ ಹಂಚುವಾಗಲೇ ಈ ಷರತ್ತನ್ನು ಬರೆಯಿಸಿಕೊಳ್ಳಬಹುದು. ಅದಕ್ಕೆ ಖರ್ಚೇನೂ ಇಲ್ಲ. ಗುರುತಿಲ್ಲದ ಪೆಟ್ಟಿಗೆ ಈಗಾಗಲೇ ಮನೆಗೆ ಬಂದಿದ್ದರೆ ಇಂದೇ ತಿರುಗಿಸಿ ನೋಡಿರಿ. ಹಿಂಬದಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಸೆಲ್ಲನ್ನು ತೆಗೆದು, ಎರಡೂ ಮುಖಗಳಿಗೆ ಟೇಪು ಸುತ್ತಿ, ಮಕ್ಕಳ ಕೈಗೆಟುಕದ ಅಟ್ಟದ ಮೇಲಿಡಿ.