ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗೆ ದುಬಾರಿ ಪಿಕಪ್ ಹಾಕಿದರೆ ಸಾಕೇ? ಫಾರ್ವರ್ಡ್ ಸಲಹೆಗಳಲ್ಲಿ ನಿಜವೆಷ್ಟು?

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್‌ಗಳು ಈಗ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ಕೊಂಡ ಮರುದಿನದಿಂದಲೇ ಮೊಬೈಲಿಗೆ ಸಲಹೆಗಳೂ ಬಂದು ಬೀಳುತ್ತವೆ. ‘ಪಿಕಪ್ ಬದಲಿಸಿ, ಐವತ್ತು ಸಾವಿರದ ಗಿಟಾರ್ ಆಗುತ್ತದೆ’ ಎನ್ನುತ್ತದೆ ಒಂದು. ‘ಮರ ಚೆನ್ನಾಗಿಲ್ಲದಿದ್ದರೆ ಏನು ಮಾಡಿದರೂ ದಂಡ’ ಎನ್ನುತ್ತದೆ ಇನ್ನೊಂದು. ‘ದಪ್ಪ ತಂತಿ ಹಾಕಿ, ಬೆರಳು ನೋಯುತ್ತಿದ್ದರೆ ಸಹಿಸಿಕೊಳ್ಳಿ’ ಎಂಬುದು ಮತ್ತೊಂದು.

ಇಲ್ಲಿರುವುದು ಹಣದ ಪ್ರಶ್ನೆ ಮಾತ್ರವಲ್ಲ. ಹುಮ್ಮಸ್ಸಿನಿಂದ ಕಲಿಯಲು ಕುಳಿತವರು ಬೆರಳು ನೋವು, ಅಪಶ್ರುತಿಯಿಂದ ಬೇಸತ್ತು ‘ನನಗೆ ಸಂಗೀತ ಒಲಿಯುವುದಿಲ್ಲ’ ಎಂದು ಗಿಟಾರನ್ನು ಅಟ್ಟಕ್ಕೆ ಸೇರಿಸುವುದುಂಟು. ಎಷ್ಟೋ ಸಲ ತಪ್ಪು ಕಲಿಯುವವರದ್ದಲ್ಲ, ವಾದ್ಯವನ್ನು ಹದಗೊಳಿಸದೇ ಇರುವುದರದ್ದು. ಹಾಗಾದರೆ ಕೈಯಲ್ಲಿರುವ ಸ್ವಲ್ಪ ಹಣವನ್ನು ಎಲ್ಲಿ ಹಾಕಬೇಕು? ವಿಜ್ಞಾನ ಏನು ಹೇಳುತ್ತದೆ ಎಂದು ನೋಡೋಣ.

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸದ್ದು ಹುಟ್ಟುವುದು ಹೇಗೆ?

ತಂತಿಗಳ ಕೆಳಗೆ ಕಾಣುವ ಉದ್ದನೆಯ ಪೆಟ್ಟಿಗೆಯಂಥ ಭಾಗವೇ ಪಿಕಪ್. ಅದರೊಳಗೆ ಆಯಸ್ಕಾಂತಗಳಿರುತ್ತವೆ. ಅವುಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಆಯಸ್ಕಾಂತದಿಂದಾಗಿ ಮೇಲಿನ ಉಕ್ಕಿನ ತಂತಿಯೂ ಕಾಂತಗುಣ ಪಡೆಯುತ್ತದೆ. ಅದನ್ನು ಮೀಟಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ನೈಲಾನ್ ತಂತಿ ಹಾಕಿದರೆ ಇಂಥ ಪಿಕಪ್ ಮೂಕವಾಗುವುದು ಇದೇ ಕಾರಣಕ್ಕೆ.

ಅಂದರೆ ಪಿಕಪ್ ಗ್ರಹಿಸುವುದು ತಂತಿಯ ಅಲುಗಾಟವನ್ನು. ತಂತಿಯೇ ಸರಿಯಾಗಿ ಅಲುಗದಿದ್ದರೆ ಎಷ್ಟು ದುಬಾರಿ ಪಿಕಪ್ ಹಾಕಿದರೂ ಅದು ಕೆಟ್ಟ ಸದ್ದನ್ನೇ ನಿಷ್ಠೆಯಿಂದ ಕಳುಹಿಸುತ್ತದೆ.

ನಂಬಿಕೆ 1: ಮರವೇ ಎಲ್ಲ

ಇದು ಅಕೂಸ್ಟಿಕ್ ಗಿಟಾರ್‌ಗೆ ಬಹುಮಟ್ಟಿಗೆ ನಿಜ. ಅಲ್ಲಿ ಮರದ ಹಲಗೆಯೇ ಗಾಳಿಯನ್ನು ಅಲುಗಿಸಿ ಸದ್ದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಹಾಗಲ್ಲ. ಪಿಕಪ್ ಯಾವ ಬಗೆಯದು, ಎಲ್ಲಿ ಕೂತಿದೆ, ತಂತಿಯಿಂದ ಎಷ್ಟು ದೂರವಿದೆ, ಯಾವ ಆಂಪ್ಲಿಫೈಯರ್ ಇದೆ ಎಂಬುದು ದೇಹದ ಮರಕ್ಕಿಂತ ಬಹಳ ಹೆಚ್ಚು ವ್ಯತ್ಯಾಸ ಮಾಡುತ್ತದೆ. 1950ರ ದಶಕದಲ್ಲಿ ಅಮೆರಿಕದ ಡಾನೆಲೆಕ್ಟ್ರೋ ಕಂಪನಿ ಮರದ ಚೌಕಟ್ಟಿಗೆ ಮೇಸನೈಟ್, ಅಂದರೆ ಒತ್ತಿದ ಮರದ ಪುಡಿಯ ಹಲಗೆ, ಅಂಟಿಸಿ ಅಗ್ಗದ ಗಿಟಾರ್ ಮಾಡಿತು. ಅದನ್ನು ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಕೂಡ ವೇದಿಕೆಯಲ್ಲಿ ನುಡಿಸಿದರು. ಕ್ವೀನ್ ತಂಡದ ಬ್ರಿಯಾನ್ ಮೇ ತಮ್ಮ ತಂದೆಯ ಜೊತೆ 1963ರಲ್ಲಿ ಮನೆಯಲ್ಲೇ ಮಾಡಲು ಶುರುಮಾಡಿದ ಗಿಟಾರ್‌ನ ಕುತ್ತಿಗೆ ಹಳೆಯ ಬೆಂಕಿಗೂಡಿನ ಮರದ್ದು. ಅದರ ಸ್ಪ್ರಿಂಗ್ ಮೋಟಾರ್ ಸೈಕಲ್ಲಿನದು.

ಆದರೆ ಕುತ್ತಿಗೆಯ ಮರ ತಿರುಚಿರಬಾರದು. ಅಲ್ಲಿ ಮಾತ್ರ ರಾಜಿ ಬೇಡ.

ನಂಬಿಕೆ 2: ಬೆರಳು ನೋಯುವುದು ಸಹಜ, ಸಹಿಸಬೇಕು

ಮೊದಲ ವಾರಗಳಲ್ಲಿ ಸ್ವಲ್ಪ ನೋವು ಸಹಜ. ಆದರೆ ತಂತಿ ಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೆ ನೋವಿನ ಜೊತೆ ಅಪಶ್ರುತಿಯೂ ಬರುತ್ತದೆ. ಎತ್ತರದ ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಹೆಚ್ಚು ಎಳೆಯಲ್ಪಡುತ್ತದೆ. ಬಿಗಿತ ಹೆಚ್ಚಿದರೆ ಸ್ವರ ಮೇಲೇರುತ್ತದೆ. ಖಾಲಿ ತಂತಿ ಶ್ರುತಿಯಲ್ಲಿದ್ದರೂ ಒತ್ತಿದ ಸ್ವರ ತಪ್ಪುವುದು ಹೀಗೆ.

ಎರಡು ಪರೀಕ್ಷೆ ಮಾಡಿ. 12ನೇ ಫ್ರೆಟ್ ಮೇಲೆ ತಂತಿಯ ತಳದವರೆಗಿನ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. 1.5ರಿಂದ 2 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಸರಿ. ಇನ್ನೊಂದು, ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 1ನೇ ಫ್ರೆಟ್ ಮೇಲಿನ ಸಂದಿಯನ್ನು ನೋಡಿ. ಕೂದಲೆಳೆಯಷ್ಟು ಸಂದಿ ಸಾಕು. ಅದಕ್ಕಿಂತ ತುಂಬ ಹೆಚ್ಚಿದ್ದರೆ ‘ನಟ್’, ಅಂದರೆ ಗಿಟಾರ್ ತಲೆಯ ಬಳಿ ತಂತಿಗಳು ಕೂರುವ ಸೀಳುಗಳ ಪಟ್ಟಿ, ಎತ್ತರವಾಗಿದೆ ಎಂದರ್ಥ. ಅಗ್ಗದ ಗಿಟಾರ್‌ಗಳಲ್ಲಿ ಇದು ಬಹಳ ಸಾಮಾನ್ಯ ದೋಷ. ಸೀಳುಗಳನ್ನು ಸರಿಯಾದ ಆಳಕ್ಕೆ ಉಜ್ಜುವ ಕೆಲಸವನ್ನು ಗೊತ್ತಿರುವ ರಿಪೇರಿಯವರಿಗೆ ಬಿಡುವುದು ಒಳ್ಳೆಯದು. ಒಮ್ಮೆ ಹೆಚ್ಚು ಉಜ್ಜಿದರೆ ನಟ್ಟನ್ನೇ ಬದಲಿಸಬೇಕು.

ಕುತ್ತಿಗೆಯೊಳಗೆ ‘ಟ್ರಸ್ ರಾಡ್’ ಎಂಬ ಉಕ್ಕಿನ ಸರಳಿದೆ. ತಂತಿಗಳ ಎಳೆತಕ್ಕೆ ಕುತ್ತಿಗೆ ಬಾಗದಂತೆ ಅದು ತಡೆಯುತ್ತದೆ. ಅದನ್ನು ಅಲೆನ್ ಕೀಯಿಂದ ತಿರುಗಿಸಬಹುದು, ಆದರೆ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಗದಿದ್ದರೆ ಬಲ ಹಾಕಬೇಡಿ. ಮರ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಹಾಗಾಗಿ ಕರಾವಳಿಯ ಮಳೆಗಾಲದಲ್ಲಿ ಸರಿಯಿದ್ದ ಗಿಟಾರ್ ಕಲಬುರಗಿಯ ಬೇಸಿಗೆಯಲ್ಲಿ ಮತ್ತೆ ಹೊಂದಾಣಿಕೆ ಕೇಳಿದರೆ ಆಶ್ಚರ್ಯವಿಲ್ಲ.

ನಂಬಿಕೆ 3: ಶ್ರುತಿ ನಿಲ್ಲದಿದ್ದರೆ ಟ್ಯೂನಿಂಗ್ ಕೀ ಬದಲಿಸಬೇಕು

ಕೆಲವೊಮ್ಮೆ ಮಾತ್ರ. ಮೊದಲು ತಂತಿಗಳನ್ನು ನೋಡಿ. ತುಕ್ಕು ಹಿಡಿದ, ಬೆವರು ಮೆತ್ತಿದ ತಂತಿ ಸಮನಾಗಿ ಅಲುಗುವುದಿಲ್ಲ. ಹೊಸ ತಂತಿಯ ಸೆಟ್ ಕೆಲವು ನೂರು ರೂಪಾಯಿಯ ಖರ್ಚು. ಶ್ರುತಿ ಮಾಡುವಾಗ ‘ಟಿಂಗ್’ ಎಂದು ಸದ್ದಾಗಿ ಸ್ವರ ಜಿಗಿದರೆ ತಂತಿ ನಟ್‌ನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಸೀಳಿಗೆ ಪೆನ್ಸಿಲಿನ ಸೀಸವನ್ನು ಉಜ್ಜಿ ನೋಡಿ. ಆ ಸೀಸವೆಂದರೆ ಗ್ರಾಫೈಟ್, ಅದು ಜಾರುವಂತೆ ಮಾಡುತ್ತದೆ.

ಖಾಲಿ ತಂತಿ ಸರಿಯಿದ್ದು ಮೇಲಿನ ಫ್ರೆಟ್‌ಗಳಲ್ಲಿ ಸ್ವರ ತಪ್ಪುತ್ತಿದ್ದರೆ ದೋಷ ಬ್ರಿಡ್ಜ್‌ನಲ್ಲಿದೆ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟುಗಳನ್ನೇ ಸರಿಸಿ ಸ್ವರಸ್ಥಾನ ಸರಿಪಡಿಸುತ್ತಾರೆ. ಗಿಟಾರ್‌ನ ಫ್ರೆಟ್‌ಗಳು ಅಲುಗುವುದಿಲ್ಲ, ಅದಕ್ಕೇ ಬ್ರಿಡ್ಜ್‌ನಲ್ಲಿ ಪ್ರತಿ ತಂತಿಯನ್ನು ಹೊತ್ತ ‘ಸ್ಯಾಡಲ್’ ಅನ್ನು ಸ್ಕ್ರೂನಿಂದ ಹಿಂದೆ ಮುಂದೆ ಸರಿಸಬೇಕು. 12ನೇ ಫ್ರೆಟ್ ಒತ್ತಿ ಮೀಟಿದ ಸ್ವರ ಖಾಲಿ ತಂತಿಯ ಸ್ವರಕ್ಕಿಂತ ನಿಖರವಾಗಿ ಒಂದು ಸ್ಥಾಯಿ ಮೇಲಿರಬೇಕು. ಅದಕ್ಕಿಂತ ಹೆಚ್ಚಾಗಿದ್ದರೆ ಸ್ಯಾಡಲ್ ಹಿಂದಕ್ಕೆ, ಕಡಿಮೆಯಿದ್ದರೆ ಮುಂದಕ್ಕೆ. ಮೊಬೈಲಿನ ಉಚಿತ ಟ್ಯೂನರ್ ಆ್ಯಪ್ ಇದಕ್ಕೆ ಸಾಕು.

ನಂಬಿಕೆ 4: ದಪ್ಪ ತಂತಿಯೇ ಉತ್ತಮ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಹೆಚ್ಚಾಗಿ ಬಳಸುವುದು ‘9–42’ ಮತ್ತು ‘10–46’ ಸೆಟ್. ಈ ಅಂಕಿಗಳು ಅತಿ ತೆಳ್ಳಗಿನ ಮತ್ತು ಅತಿ ದಪ್ಪ ತಂತಿಗಳ ವ್ಯಾಸ, ಇಂಚಿನ ಸಾವಿರದ ಭಾಗಗಳಲ್ಲಿ. ಮಾಮೂಲಿ ಶ್ರುತಿಯಲ್ಲಿ ಮೊದಲನೆಯದರ ಆರೂ ತಂತಿಗಳ ಒಟ್ಟು ಎಳೆತ ಸುಮಾರು 38 ಕೆ.ಜಿ., ಎರಡನೆಯದರದ್ದು ಸುಮಾರು 46 ಕೆ.ಜಿ. ಕಲಿಯುವವರಿಗೆ ತೆಳು ತಂತಿ ಹಾಕಿದರೆ ಯಾವ ನಷ್ಟವೂ ಇಲ್ಲ. ಸೆಟ್ ಬದಲಿಸಿದರೆ ಎಳೆತವೂ ಬದಲಾಗುವುದರಿಂದ ಮೇಲಿನ ಹೊಂದಾಣಿಕೆಗಳನ್ನು ಮತ್ತೊಮ್ಮೆ ನೋಡಬೇಕು ಎಂಬುದು ನೆನಪಿರಲಿ.

ಹಾಗಾದರೆ ಪಿಕಪ್ ಬದಲಿಸುವುದು ವ್ಯರ್ಥವೇ?

ಅಲ್ಲ. ಆದರೆ ಅದು ಕೊನೆಯ ಕೆಲಸ. ಮೊದಲು ಎರಡೂ ಬದಿಯ ಸ್ಕ್ರೂ ತಿರುಗಿಸಿ ಪಿಕಪ್‌ನ ಎತ್ತರ ಬದಲಿಸಿ ನೋಡಿ. ಇದಕ್ಕೆ ಖರ್ಚಿಲ್ಲ, ಸದ್ದು ಮಾತ್ರ ಚೆನ್ನಾಗಿ ಬದಲಾಗುತ್ತದೆ. ತೀರಾ ಹತ್ತಿರ ತಂದರೆ ಆಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗುತ್ತದೆ. ವಾಲ್ಯೂಮ್ ಗುಂಡಿ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಹಳ ಸಲ ಸಾಕಾಗುತ್ತದೆ.

ಒಂದೇ ಸುರುಳಿಯ ಪಿಕಪ್ ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಇದಕ್ಕೆ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಯ ‘ಹಂಬಕರ್’ ರೂಪಿಸಿದರು. ಸುರುಳಿ ಮತ್ತು ಆಯಸ್ಕಾಂತ ಎರಡನ್ನೂ ತಿರುವುಮುರುವು ಮಾಡಿದ್ದರಿಂದ ಗುಂಯ್ ಸದ್ದು ಒಂದನ್ನೊಂದು ಅಳಿಸುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ನಿಮಗೆ ಇಂಥ ನಿರ್ದಿಷ್ಟ ಅಗತ್ಯವಿದ್ದರೆ ಪಿಕಪ್ ಬದಲಿಸಿ. ಹಂಬಕರ್‌ಗೆ ಸಾಮಾನ್ಯವಾಗಿ 500 ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲ್ ಬೇಕು, ಒಂಟಿ ಸುರುಳಿಗೆ 250. ಎಡ್ಡಿ ವ್ಯಾನ್ ಹೇಲನ್ 50 ಡಾಲರಿನ ಕಳಪೆ ಎಂದು ಬದಿಗಿಟ್ಟ ದೇಹಕ್ಕೆ 80 ಡಾಲರಿನ ಕುತ್ತಿಗೆ ಜೋಡಿಸಿ ಹಂಬಕರ್ ಕೂರಿಸಿದ್ದು, ತನಗೆ ಯಾವ ಸದ್ದು ಬೇಕೆಂದು ಸ್ಪಷ್ಟವಾಗಿ ಗೊತ್ತಿದ್ದುದರಿಂದ. ನಮ್ಮ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಜೋಡಿ ತಂತಿಗಳ ಬದಲು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಬಳಸಿದ್ದೂ ಕರ್ನಾಟಕ ಸಂಗೀತದ ಗಮಕಗಳ ಅಗತ್ಯಕ್ಕೆ.

ಅರ್ಥ್ ಪಿನ್ ಮಾತ್ರ ಮುರಿಯಬೇಡಿ

ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಹೆದರಬೇಕಿಲ್ಲ. ತಂತಿಗೆ ಗ್ರೌಂಡ್ ಸಂಪರ್ಕ ಇದೆ ಎಂಬುದರ ಗುರುತದು. ಆದರೆ ಕೈ ಜುಮ್ ಎಂದರೆ ತಕ್ಷಣ ಆಂಪ್ಲಿಫೈಯರ್‌ನ ಪ್ಲಗ್ ಕೀಳಿಸಿ. ಎರಡು ಪಿನ್ನಿನ ಸಾಕೆಟ್‌ಗೆ ಹಾಕಲೆಂದೋ ಗುಂಯ್ ಸದ್ದು ಹೋಗಲೆಂದೋ ಮೂರನೇ ಪಿನ್ ತೆಗೆಯುವ ಸಲಹೆ ಬಂದರೆ ಅದನ್ನು ಅಳಿಸಿಹಾಕಿ. 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವೆ, ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ವಿದ್ಯುತ್ ಆಘಾತದಿಂದ ತೀರಿಕೊಂಡರು.

ಕೊನೆಗೆ ಏನು ಮಾಡಬೇಕು?

ಕೊಳ್ಳುವ ಮುನ್ನವೇ ಕುತ್ತಿಗೆ ತಿರುಚಿದೆಯೇ, ಟ್ರಸ್ ರಾಡ್ ತಿರುಗುತ್ತದೆಯೇ, ಫ್ರೆಟ್‌ಗಳಲ್ಲಿ ಆಳವಾದ ಗುಳಿ ಬಿದ್ದಿದೆಯೇ ನೋಡಿ. ಈ ಮೂರರಲ್ಲಿ ತೊಂದರೆಯಿದ್ದರೆ ರಿಪೇರಿ ಖರ್ಚು ಗಿಟಾರ್‌ನ ಬೆಲೆಯನ್ನೇ ಮೀರಬಹುದು. ಇಲ್ಲದಿದ್ದರೆ ಕ್ರಮ ಹೀಗಿರಲಿ: ಹೊಸ ತಂತಿ, ಕುತ್ತಿಗೆ, ನಟ್ ಮತ್ತು ಬ್ರಿಡ್ಜ್ ಹೊಂದಾಣಿಕೆ, ವೈರಿಂಗ್ ಸ್ವಚ್ಛತೆ, ಆಮೇಲೂ ಕೊರತೆ ಕಂಡರೆ ಟ್ಯೂನಿಂಗ್ ಕೀ, ಕೊನೆಗೆ ಪಿಕಪ್. ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯಬೇಡಿ. ಮಾರುವಾಗ ಮೂಲ ಭಾಗಗಳನ್ನೇ ಕೂರಿಸಿ ಕೊಟ್ಟು, ಹೊಸದನ್ನು ಮುಂದಿನ ಗಿಟಾರ್‌ಗೆ ಉಳಿಸಿಕೊಳ್ಳಬಹುದು.

ಮನೆಯಲ್ಲಿ ಯಾರಾದರೂ ಗಿಟಾರ್ ಕಲಿಯುವುದನ್ನು ಬಿಟ್ಟಿದ್ದರೆ, ಅಟ್ಟದಿಂದ ಇಳಿಸಿ 12ನೇ ಫ್ರೆಟ್ ಮೇಲಿನ ಅಂತರವನ್ನು ಒಮ್ಮೆ ಅಳೆಯಿರಿ. ಅಲ್ಲಿ 3–4 ಮಿ.ಮೀ. ಇದ್ದರೆ ಅವರಿಗೆ ಸಂಗೀತ ಬರುವುದಿಲ್ಲ ಎಂಬ ತೀರ್ಮಾನವನ್ನು ಸದ್ಯಕ್ಕೆ ಪಕ್ಕಕ್ಕಿಡಿ.