ಗೋಡೆಯೊಳಗಿನ ವೈರ್ ಎಷ್ಟು ದಪ್ಪ ಅಂತ ಮನೆಯವರಿಗೆ ಕನ್ನಡದಲ್ಲಿ ಹೇಳೋರು ಯಾರು?

ಅಕ್ಕಲಕೋಟೆ ಇರಲಿ, ತಾಳವಾಡಿ ಇರಲಿ, ಕುಂಬಳೆ ಇರಲಿ, ನಮ್ಮವರು ಮನೆ ಕಟ್ಟುವಾಗ ಟೈಲ್ಸಿಗೆ ನಾಲ್ಕು ಅಂಗಡಿ ಸುತ್ತುತ್ತಾರೆ. ವೈರ್ ಮಾತ್ರ ವೈರ್‌ಮನ್ ಬರೆದುಕೊಟ್ಟ ಚೀಟಿಯ ಪ್ರಕಾರ ಬರುತ್ತೆ. ಚೀಟಿ ಮರಾಠಿಯಲ್ಲೋ, ತಮಿಳಲ್ಲೋ, ಮಲಯಾಳದಲ್ಲೋ ಇರುತ್ತೆ. ಕನ್ನಡ ಶಾಲೆಯಲ್ಲಷ್ಟೇ ಓದಿದ ಅಪ್ಪ, ಅಮ್ಮ ಕೆಳಗಿನ ಮೊತ್ತ ನೋಡಿ ದುಡ್ಡು ಕೊಡ್ತಾರೆ. ಖರ್ಚು ಉಳಿಸೋ ಮಾತು ಬಂದಾಗ ಮೊದಲು ತೆಳ್ಳಗಾಗೋದು ಇದೇ ವೈರ್. ಪ್ಲಾಸ್ಟರ್ ಆದ ಮೇಲೆ ಅದು ಯಾರ ಕಣ್ಣಿಗೂ ಬೀಳಲ್ಲವಲ್ಲ! ಆ ಚೀಟಿ ಓದಿ ಪ್ರಶ್ನೆ ಕೇಳಬೇಕಾದವರು ಎರಡೂ ಭಾಷೆ ಬಲ್ಲ ನೀವು.

ಏನು ಕೇಳಬೇಕು? ಮೊದಲು ದಪ್ಪ. ಅಂಗಡಿಯಲ್ಲಿ ಬರೀ 'ಎಂಎಂ' ಅಂತಾರೆ, ಅದು ಒಳಗಿನ ತಾಮ್ರದ ಅಡ್ಡಕೊಯ್ತದ ಚದರ ಮಿಲಿಮೀಟರ್. ದೀಪ, ಫ್ಯಾನಿಗೆ 1.5 ಸಾಕು. 16 ಆಂಪಿಯರ್ ಪ್ಲಗ್ ಪಾಯಿಂಟಿಗೆ 2.5ಕ್ಕಿಂತ ಕಡಿಮೆ ಬೇಡ. ಎಸಿಗೆ 4 ಎಳೆಸಿ. ಹಳೇ ವೈರ್‌ಮನ್‌ಗಳು ಇನ್ನೂ 3/20, 7/20 ಅಂತಾರೆ: 20 ಗೇಜಿನ ಮೂರು ಎಳೆ, ಏಳು ಎಳೆ. ಮೂರು ಎಳೆ ಸೇರಿದರೂ ಸುಮಾರು 2 ಚದರ ಅಷ್ಟೇ, 2.5 ಆಗಲ್ಲ. 'ಎರಡೂ ಒಂದೇ' ಅಂದ್ರೆ ಒಪ್ಪಬೇಡಿ.

ಇಷ್ಟು ಯಾಕೆ ಹಠ ಅಂದ್ರೆ, ಕರೆಂಟು ಎರಡು ಪಟ್ಟು ಹರಿದರೆ ವೈರಿನ ಬಿಸಿ ನಾಲ್ಕು ಪಟ್ಟು ಏರುತ್ತೆ. 3000 ವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳೋದು 70 ಡಿಗ್ರಿವರೆಗೆ. ದೀಪದ ಲೈನಿಗೇ ಗೀಸರ್ ಜೋಡಿಸಿದ ಮನೆಗಳಲ್ಲಿ ಆ ಹೊದಿಕೆ ಪೈಪಿನೊಳಗೆ ವರ್ಷಗಟ್ಟಲೆ ಸುಮ್ಮನೆ ಬೇಯುತ್ತಿರುತ್ತೆ.

ಇದಕ್ಕಿಂತ ಕೆಟ್ಟ ಚಾಳಿ ಇನ್ನೊಂದು. ಎಂಸಿಬಿ ಪದೇ ಪದೇ ಬೀಳುತ್ತೆ ಅಂತ 16ರದ್ದು ತೆಗೆದು 32ರದ್ದು ಹಾಕಿಬಿಡೋದು. ಎಂಸಿಬಿ ಇರೋದೇ ವೈರನ್ನು ಕಾಯೋಕೆ. 2.5ರ ವೈರಿಗೆ 32 ಹಾಕಿದರೆ ಅದು ಬೀಳೋಕೆ ಮುಂಚೆ ವೈರೇ ಸುಡುತ್ತೆ. ಇದನ್ನು 'ರಿಪೇರಿ' ಅಂತ ಕರೆದು ದುಡ್ಡು ಬೇರೆ ತಗೋತಾರೆ.

ಜತ್ತ, ಮಡಕಶಿರಾ ಕಡೆ ಹೊಲದಲ್ಲೇ ಮನೆ ಮಾಡ್ಕೊಂಡವರು ದೂರವನ್ನೂ ಲೆಕ್ಕ ಹಾಕಬೇಕು. 60 ಮೀಟರ್ ದೂರದ ಮೋಟರಿಗೆ 1.5ರ ವೈರ್ ಎಳೆದು 10 ಆಂಪಿಯರ್ ಹರಿಸಿದರೆ ಹೋಗಿ ಬರೋ ದಾರಿಯಲ್ಲೇ 14 ವೋಲ್ಟ್ ಕಳೆದುಹೋಗುತ್ತೆ. ವೈರ್ 4 ಆದ್ರೆ ಸುಮಾರು 6. 'ವೋಲ್ಟೇಜೇ ಇಲ್ಲ' ಅಂತ ಲೈನ್‌ಮನ್‌ನ ಬೈಯೋ ಮೊದಲು ಇದನ್ನೊಮ್ಮೆ ನೋಡಿ.

ಬಗೆಯ ವಿಷಯ ಚಿಕ್ಕದು. ಸುರುಳಿಯ ಮೇಲೆ ಐಎಸ್ 694 ಮತ್ತು ಐಎಸ್‌ಐ ಗುರುತು ನೋಡಿ. ಎಫ್‌ಆರ್ ಅಂದ್ರೆ ಬೆಂಕಿ ಹಬ್ಬೋದು ನಿಧಾನ, ಎಫ್‌ಆರ್‌ಎಲ್‌ಎಸ್ ಅಂದ್ರೆ ಜೊತೆಗೆ ಹೊಗೆಯೂ ಕಡಿಮೆ. ಕೈಲಾದರೆ ಎರಡನೆಯದು. ಹಸಿರು ಅರ್ತಿಂಗ್ ವೈರ್ ಪ್ರತಿ ಪ್ಲಗ್ಗಿಗೂ ಬರಬೇಕು, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು. ಇವೆರಡರಲ್ಲಿ ಚೌಕಾಶಿ ಬೇಡ.

ನಾವು ಬಸ್ ಬೋರ್ಡಿಗೆ, ಶಾಲೆಗೆ ಹೋರಾಡಿದ್ದೇವೆ, ಸರಿ. ಆದರೆ ವಿದ್ಯುತ್ ಕಂಪನಿಯ ಸುರಕ್ಷತಾ ಸೂಚನೆ ಕನ್ನಡದಲ್ಲಿ ಕೊಡಿ ಅಂತ ಎಷ್ಟು ಊರಲ್ಲಿ ಕೇಳಿದ್ದೇವೆ? ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ 1956ರಲ್ಲಿ ಒಪ್ಪಿದ ಕ್ರಮಗಳಲ್ಲಿ ಇದಕ್ಕೆ ದಾರಿಯಿದೆ: ಒಂದು ತಾಲೂಕಿನಲ್ಲಿ ಆ ಭಾಷೆಯವರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯವಾದ ಸರ್ಕಾರಿ ಸೂಚನೆಗಳು ಅವರ ಭಾಷೆಯಲ್ಲೂ ಬರಬೇಕು. ಮನವಿಯನ್ನು ಕನ್ನಡದಲ್ಲೇ ಬರೆಯೋ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ನಿಮ್ಮೂರಿನ ಸೆಕ್ಷನ್ ಆಫೀಸಿಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೀರಿ, ಫೋಟೋ ಇಲ್ಲಿ ಹಾಕಿ.