ಬಡ ಕಡಲಿನ ಕಿರಿಯ ಜೀವಿ

ಲೋಟದ ನೀರಿಗೆ ಶಾಯಿಯ ಹನಿಯನ್ನು ಬಿಟ್ಟು ವಿಸರಣೆಯ ಪಾಠವನ್ನು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಇದು ಸಾಲದೆಂಬುದು ನಮ್ಮ ಅಭಿಪ್ರಾಯ. ಆ ಪಾಠದ ನಿಜವಾದ ಸ್ವಾರಸ್ಯವಿರುವುದು ಕಡಲಿನಲ್ಲಿ.

ಅಟ್ಲಾಂಟಿಕ್ ಸಾಗರದ ಸಾರ್ಗ್ಯಾಸೊ ಸಮುದ್ರದ ನೀರು ಬಹಳ ತಿಳಿಯಾದುದು. ಈ ಚೆಲುವು ಬಡತನದ ಗುರುತು. ಅಲ್ಲಿ ಸಾರಜನಕ, ರಂಜಕಗಳ ಲವಣಗಳು ಅತ್ಯಲ್ಪ. ಆದರೂ ಅಲ್ಲಿ ಬ್ಯಾಕ್ಟೀರಿಯಗಳು ಹೇರಳವಾಗಿವೆ. ಅವುಗಳಲ್ಲೊಂದು ಪ್ರಮುಖ ಗುಂಪು 1990ರಲ್ಲಿ ಬೆಳಕಿಗೆ ಬಂದಿತು. 2002ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಲಾದ ಅದೇ ಗುಂಪಿನ ಪೆಲಾಜಿಬ್ಯಾಕ್ಟರ್ ಒಂದು ಮೈಕ್ರೋಮೀಟರಿನಷ್ಟೂ ಉದ್ದವಿಲ್ಲ.

ಇದು ಹಸಿವಿನಿಂದಾದ ಕೃಶತೆಯೆ? ಅಲ್ಲ, ಹಸಿವಿಗೆ ಉಪಾಯ. ಗೋಳಾಕಾರದ ಕೋಶವೊಂದನ್ನು ಊಹಿಸಿಕೊಳ್ಳೋಣ. ವಿಸರಣೆಯಿಂದ ಅದನ್ನು ತಲುಪುವ ಆಹಾರ ತ್ರಿಜ್ಯದ ಅನುಪಾತದಲ್ಲಿರುತ್ತದೆ. ಪೋಷಿಸಬೇಕಾದ ಒಡಲಾದರೋ ತ್ರಿಜ್ಯದ ಘನದ ಅನುಪಾತದಲ್ಲಿ. ತ್ರಿಜ್ಯ ಅರ್ಧವಾದರೆ ಆಹಾರ ಅರ್ಧವಾಗುತ್ತದೆ, ಒಡಲು ಎಂಟರಲ್ಲೊಂದು ಪಾಲಾಗುತ್ತದೆ. ಎಂದರೆ, ಒಡಲಿನ ಅಳತೆಗೆ ನಾಲ್ಕು ಪಟ್ಟು ಊಟ!

ಈಜಿ ಹುಡುಕಬಾರದೆ ಎನ್ನಬಹುದು. ಈ ಗಾತ್ರದಲ್ಲಿ ಸುತ್ತಲ ನೀರನ್ನು ಕಲಕಿ ಲಾಭವಿಲ್ಲ, ವಿಸರಣೆಯೇ ಚುರುಕು ಎಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ವಿವರಿಸಿದರು. ಪೆಲಾಜಿಬ್ಯಾಕ್ಟರಿಗೆ ಈಜುವ ಬಾಲವೇ ಇಲ್ಲ. ಅದರ ಎರಡು ಪೊರೆಗಳ ನಡುವೆ ಕಾದಿರುವ ಪ್ರೋಟೀನುಗಳು ಬಂದ ಅಣುವನ್ನು ಹಿಡಿದು ಒಳಪೊರೆಯ ದ್ವಾರಕ್ಕೆ ಒಪ್ಪಿಸುತ್ತವೆ. ಶಕ್ತಿಯನ್ನು ವ್ಯಯಿಸಿ ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ.

ಇದರಲ್ಲಿ ಪ್ರೌಢಶಾಲೆಯ ಗಣಿತಕ್ಕೆ ಮೀರಿದ್ದೇನಿದೆ? ಆದರೂ ಬ್ಯಾಕ್ಟೀರಿಯ ಎಂದೊಡನೆ ಅದು ಜೀವವಿಜ್ಞಾನದವರ ಪಾಲೆಂದು ನಾವು ಭೌತವಿಜ್ಞಾನದ ಅಧ್ಯಾಪಕರು ಕೈತೊಳೆದುಕೊಳ್ಳುತ್ತೇವೆ. ಶಾಯಿಯ ಹನಿ ಕರಗಿದ ಮೇಲೆ ಈ ಲೆಕ್ಕವನ್ನೂ ಕರಿಹಲಗೆಯ ಮೇಲೆ ಮಾಡಿಸಲು ಹತ್ತು ನಿಮಿಷ ಸಾಕು.